ಗವರ್ನರ್ ಷರಾಯಿ ಮತ್ತು ತೆರೈ ಅತ್ತೆ

ನಮ್ಮ ತೆರೈ ಅತ್ತೆ ಫ್ರೆಂಚರು ಆಳುತ್ತಿದ್ದ ನಮ್ಮ ದ್ವೀಪದ ಬಂದರು ಪಪೀತೆಯ ಹೊಳೆದಂಡೆಯಲ್ಲಿ ನಲವತ್ತು ವರ್ಷ ಫ್ರೆಂಚ್ ಹಡಗಿನವರ ಬಟ್ಟೆ ಒಗೆದವಳು. ಯಾರಿಗೆ ಬಡ್ತಿ ಸಿಕ್ಕಿತು ಎಂಬುದು ಊರಿಗೆ ಗೊತ್ತಾಗುವ ಮೊದಲೇ ಅವಳ ಬುಟ್ಟಿಗೆ ಗೊತ್ತಾಗುತ್ತಿತ್ತು.

ಲವೆರ್ನೆ ಎಂಬಾತ ಮೊದಲ ಸಲ ಬಂದಾಗ ಅವನಿಗೆ ಹತ್ತೊಂಬತ್ತು. ನೌಕಾಪಡೆಯ ಅತಿ ಕಿರಿಯ ಅಧಿಕಾರಿ, ಇದ್ದದ್ದು ಒಂದೇ ಒಳ್ಳೆಯ ಷರಾಯಿ. ಅದು ಒಣಗುವ ತನಕ ಹೊಳೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿರುತ್ತಿದ್ದ.

"ತಮ್ಮಾ, ಏಡಿ ಇದಾವೆ, ಹುಷಾರು!" ಎಂದು ಅತ್ತೆ ರೇಗಿಸಿದರೆ ಕಿವಿಯೆಲ್ಲ ಕೆಂಪು. ಪಾಪ ಹಸಿದಿದ್ದಾನೆಂದು ಸುಟ್ಟ ದೀವಿಹಲಸು ಕೊಟ್ಟರೆ ನೀರಿನಲ್ಲೇ ಕೂತು ತಿನ್ನುತ್ತಿದ್ದ.

ಹನ್ನೆರಡು ವರ್ಷದ ಮೇಲೆ ಕ್ಯಾಪ್ಟನ್ ಆಗಿ ಬಂದು ಹೋದ. ಆಮೇಲೆ ಎಲ್ಲೆಲ್ಲಿಯೋ ಯುದ್ಧ, ಎಲ್ಲೆಲ್ಲಿಯೋ ಪದಕ. ಐವತ್ತು ದಾಟಿದ ಮೇಲೆ ನಮ್ಮ ಗವರ್ನರ್ ಆಗಿಯೇ ಬಂದಿಳಿದ. ಹಡಗುಕಟ್ಟೆಯಲ್ಲಿ ಮೊದಲು ಕಂಡದ್ದು ಹೊಟ್ಟೆ, ಹಿಂದಿನಿಂದ ಲವೆರ್ನೆ.

ಆದರೆ ಹೊಸ ಸಮವಸ್ತ್ರದ ಪೆಟ್ಟಿಗೆ ತಪ್ಪಿ ದೂರದ ನೂಮೆಯಾ ಬಂದರಿಗೆ ಹೋಗಿತ್ತು. ಫ್ರೆಂಚರ ಜುಲೈ ತಿಂಗಳ ರಾಷ್ಟ್ರೀಯ ಹಬ್ಬಕ್ಕೆ ಕ್ಯಾಪ್ಟನ್ ಕಾಲದ ಬಿಳಿ ಷರಾಯಿಯೇ ಗತಿ. ಅತ್ತೆ ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಒಯ್ದಳು. ಗವರ್ನರ್ ಉಸಿರು ಬಿಗಿಹಿಡಿದರೂ ಗುಂಡಿ ಕೂಡಲಿಲ್ಲ.

"ಏನ್ ಮಾಡಿದ್ದೀಯ ಇದಕ್ಕೆ? ಬಟ್ಟೆ ಕುಗ್ಗಿಸಿಬಿಟ್ಟಿದ್ದೀಯ!"

"ಬಟ್ಟೆ ಕುಗ್ಗಿಲ್ಲ ದೊರೆ. ನೀವು ಹಿಗ್ಗಿದ್ದೀರಿ."

ಅಲ್ಲಿಗೆ ಅತ್ತೆಯ ಕೆಲಸ ಹೋಯಿತು.

ಹಬ್ಬದ ದಿನ ಇಬ್ಬರು ಆಳುಗಳು ಎಳೆದು ಕಟ್ಟಿದ ಆ ಷರಾಯಿಯಲ್ಲೇ ಗವರ್ನರ್ ಕಡಲತೀರಕ್ಕೆ ಬಂದರು. ದೋಣಿ ಪಂದ್ಯ ಗೆದ್ದವನು ನಮ್ಮ ಪುನುವಾ ಮಾವ, ಅತ್ತೆಯ ಗಂಡ. ದೋಣಿಯಲ್ಲಿ ಕೂತಿದ್ದ ಅವನಿಗೆ ಹಾರ ಹಾಕಲು ಗವರ್ನರ್ ಬಗ್ಗಿದರು. ಪರ್ರ್ ಎಂದಿತು.

ಗವರ್ನರ್ ಹಿಂದೆ ಹಿಂದೆ ನಡೆದು ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಂತವರು ಅಲುಗಲಿಲ್ಲ. ಬ್ಯಾಂಡಿನವರು ಅದೇ ಹಾಡನ್ನು ಮೂರು ಸಲ ನುಡಿಸಿದರು. ಆ ಸದ್ದು ಯಾವುದರದೆಂದು ಗೊತ್ತಿದ್ದ ಅತ್ತೆ ಹೆಗಲ ಮೇಲಿನ ಹೂವಿನ ಬಟ್ಟೆ ಹಿಡಿದು ಹತ್ತಿರ ಹೋದಳು.

"ತೆರೈ, ಮರ್ಯಾದೆ ಉಳಿಸು ಮಾರಾಯ್ತಿ," ಎಂದರು ಪಿಸುಮಾತಿನಲ್ಲಿ.

"ಮೊದ್ಲು ಹೇಳಿ, ಬಟ್ಟೆ ಕುಗ್ಗಿತ್ತಾ?"

"ಇಲ್ಲ."

"ಮತ್ತೆ?"

"ನಾನೇ... ಹಿಗ್ಗಿದ್ದೇನೆ."

"ಕೇಳಿಸ್ಲಿಲ್ಲ. ಜೋರಾಗಿ."

ಬಿರುಗಾಳಿಯಲ್ಲಿ ಹಡಗು ನಡೆಸಿದ ಗಂಟಲು ಅದು. "ನಾನು ಹಿಗ್ಗಿದ್ದೇನೆ!" ಎಂಬ ಕೂಗು ಇಡೀ ತೀರಕ್ಕೆ ಕೇಳಿಸಿತು. ನಮ್ಮವನು ಗೆದ್ದದ್ದಕ್ಕೆ ದೊರೆಗೆ ಇಷ್ಟು ಸಂತೋಷವೇ ಎಂದು ಜನ ಕೇಕೆ ಹಾಕಿದರು. ಅತ್ತೆ ಆ ಬಟ್ಟೆಯನ್ನು ನಮ್ಮವರು ಉಡುವ ಹಾಗೆ ಅವರ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಕೇಕೆ ಇಮ್ಮಡಿಯಾಯಿತು. ಹೆಂಗಸರು ಅವರನ್ನು ಕುಣಿಯಲು ಎಳೆದರು. ಸೊಂಟದ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಣಿದರು, ಪಾಪ.

ಮರುದಿನ ಕೆಲಸ ವಾಪಸ್ ಬಂತು. ಮೂರು ವರ್ಷ ಅತ್ತೆ ತಿಂಗಳಿಗೊಮ್ಮೆ ಅವರ ಗುಂಡಿಗಳನ್ನು ಒಂದೊಂದು ಬೆರಳು ಆಚೆ ಹೊಲಿದಳು. ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ವರ್ಗವಾಗಿ ಹೋಗುವ ದಿನ ಹಡಗುಕಟ್ಟೆಯಲ್ಲಿ ಇಬ್ಬರೂ ಅತ್ತರಂತೆ. ಅತ್ತೆ ಒಪ್ಪುವುದಿಲ್ಲ, ಸೋಪಿನ ನೊರೆ ಕಣ್ಣಿಗೆ ಹೋಗಿತ್ತು ಎನ್ನುತ್ತಾಳೆ.

ಮುಂದಿನ ಗವರ್ನರ್ ತಮ್ಮದೇ ಅಗಸಗಿತ್ತಿಯನ್ನು ಕರೆತಂದರು. ಅತ್ತೆ ಮೂರೆಯಾ ದ್ವೀಪದ ತಂಗಿಯ ಮನೆ ಸೇರಿ ವೆನಿಲ್ಲಾ ಬಳ್ಳಿ ನೆಟ್ಟಳು. ಈಗ ಸುಕ್ಕು ಬಟ್ಟೆ ಉಟ್ಟೇ ಚರ್ಚಿಗೆ ಹೋಗುತ್ತಾಳೆ. ಪಾದ್ರಿಗಳು ಒಮ್ಮೆ ಕೇಳಿದ್ದಕ್ಕೆ, "ನಾನು ಬಂದಿರೋದು ಇಸ್ತ್ರಿ ಮಾಡೋಕಲ್ಲ ಫಾದರ್, ಹಾಡೋಕೆ," ಎಂದಳು.