ಎರಡು ಪಂಚಾಂಗಕ್ಕೆ ಸಿಕ್ಕ ಕೊಟ್ಟಿಗೆ

ಮೊನ್ನೆ ಪಕ್ಕದ ಮನೆಯವರು ಹಿತ್ತಿಲಿನ ಹಳೇ ದನದ ಕೊಟ್ಟಿಗೆಗೆ ಜೆಸಿಬಿ ತರಿಸಿದರು. ಅರ್ಧ ಗಂಟೆಯಲ್ಲಿ ನೆಲಸಮ. ಹೆಂಚಿನ ಧೂಳು, ಒಣ ಸಗಣಿ, ಮುಗ್ಗಿದ ಹುಲ್ಲು ಸೇರಿದ ವಾಸನೆ ಕಿಟಕಿಯಿಂದ ಬಂತು ನೋಡಿ, ನಮ್ಮ ಕೊಟ್ಟಿಗೆ ಕಳಚಿದ ಮೇಸ್ತ್ರಿ ನೆನಪಾದರು. ಇಷ್ಟು ವರ್ಷವಾದರೂ ಅವರ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ.

ಎರಡು ಸಾವಿರದ ಆರನೇ ಇಸವಿ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಕೆಳಗೆ ಪಂಪ್ ವರ್ಕ್‌ಶಾಪ್, ಮೇಲೆ ನಮ್ಮ ಮನೆ. ಪಾರ್ಶ್ವವಾಯು ಹೊಡೆದು ಅಪ್ಪ ಮಹಡಿಯಲ್ಲೇ ಉಳಿದಿದ್ದರು. ಮೆಟ್ಟಿಲಿಳಿಯಲಾರರು, ಮಾತೂ ನಿಂತಿತ್ತು. ಹಿತ್ತಿಲ ಕೊಟ್ಟಿಗೆ ತೆಗೆದು ಅವರಿಗೊಂದು ಕೋಣೆ ಕಟ್ಟಬೇಕು. ಆಷಾಢ ಹುಟ್ಟುವುದರೊಳಗೆ ಭೂಮಿಪೂಜೆ ಆಗಲೇಬೇಕೆಂದು ಅಮ್ಮನ ಹಟ.

ಮೇಸ್ತ್ರಿ ಅಲ್ಲೇ ಹತ್ತಿರದ ಅವಿನಾಶಿ ಊರಿನ ಕಡೆಯವರು. ಮನೆಮಾತು ನಮ್ಮ ಹಾಗೇ ಅರ್ಧಂಬರ್ಧ ಕನ್ನಡ, ಪಂಚಾಂಗ ಮಾತ್ರ ಪೂರಾ ತಮಿಳು. ನಾನೋ ಮಹಾ ಬುದ್ಧಿವಂತ, ಆಷಾಢವನ್ನು ಅವರ ಮಾತಿಗೆ ತಿರುಗಿಸಿ "ಆಡಿ ತಿಂಗಳಿಗೆ ಮುಂಚೆ ಮುಗಿಸಿ" ಎಂದುಬಿಟ್ಟೆ. ಆ ವರ್ಷ ನಮ್ಮ ಆಷಾಢ ಬಂದು ಮೂರು ವಾರದ ಮೇಲೆ ತಮಿಳರ ಆಡಿ ಹುಟ್ಟುತ್ತದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಅವರು ಒಂದೊಂದೇ ಹೆಂಚನ್ನು ಕೂಸಿನ ಹಾಗೆ ಇಳಿಸಿ, ಒರೆಸಿ, ಪೇರಿಸುತ್ತಿದ್ದರು. ಕಿತ್ತ ಮೊಳೆಯನ್ನೂ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುವರು. ನನಗೆ ಮೈಯೆಲ್ಲ ಉರಿ.

"ಒಡೆದು ಬಿಸಾಕಿ ಮೇಸ್ತ್ರೀ."

"ಏನ್ ಅವಸರ ಸಾರ್, ಆಡಿಗೆ ಇನ್ನೂ ಎಷ್ಟೋ ನಾಳ್ ಇದೆ."

ಅರ್ಧ ಕೊಟ್ಟಿಗೆ ನಿಂತಿರುವಾಗಲೇ ಆಷಾಢ ಬಂತು, ಅಮ್ಮ ಪೂಜೆ ಬೇಡವೆಂದರು. ಆಷಾಢ ಮುಗಿಯಿತೆಂದರೆ ಆಡಿ ನಡೆಯುತ್ತಿತ್ತು, ಈಗ ಮೇಸ್ತ್ರಿ ಪಾಯಕ್ಕೆ ಗುದ್ದಲಿ ಮುಟ್ಟಲೊಲ್ಲರು. ಹತ್ತಿರ ಹತ್ತಿರ ಎರಡು ತಿಂಗಳು ನೀರುಪಾಲು. ಯಾರನ್ನು ಬೈಯಲಿ, ನನ್ನ ಬಾಯನ್ನೇ? ಆದರೂ ಅವರ ಮೇಲೆಯೇ ಕೂಗಾಡಿದೆ.

ಮರುದಿನ ಅವರು ಉಳಿದ ಅರ್ಧವನ್ನು ಸಾರಿಸಿ, ಸುಣ್ಣ ಬಳಿದು, ಮಂಚ ಹಾಕಿ, ಇಬ್ಬರು ಆಳುಗಳ ಜೊತೆ ಅಪ್ಪನನ್ನು ಕುರ್ಚಿ ಸಮೇತ ಇಳಿಸಿಯೇಬಿಟ್ಟರು. ಆಮೇಲೆ ದಿನಾ ಬಂದು ಅಪ್ಪನ ಎದುರೇ ಹೆಂಚು ಪೇರಿಸುವರು. ಒಂದು ಬೆಳಿಗ್ಗೆ ಕೈಯಿಂದ ಹೆಂಚೊಂದು ಜಾರಿ ಒಡೆಯಿತು.

"ಲೇ... ಕಣ್ಣಿಲ್ವಾ ನಿಂಗೆ?"

ಅಪ್ಪ! ನಾಲ್ಕು ತಿಂಗಳ ಮೇಲೆ ಮೊದಲ ಮಾತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಮೇಸ್ತ್ರಿ ಚೂರು ಆಯುತ್ತಿದ್ದರು. ಮಾರನೆಯ ದಿನ ಇನ್ನೊಂದು ಜಾರಿತು, ಅದರ ಮಾರನೆಯ ದಿನ ಮತ್ತೊಂದು... ಅದುವರೆಗೆ ಆ ಮನುಷ್ಯನ ಕೈಯಲ್ಲಿ ಒಂದೂ ಒಡೆದಿರಲಿಲ್ಲ.

ಕೋಣೆ ಆಯಿತು. ಅಪ್ಪ ಮೂರು ವರ್ಷ ಅದರಲ್ಲಿ ಎಲ್ಲರನ್ನೂ ಬೈದುಕೊಂಡಿದ್ದು ಹೋದರು. ಮೇಸ್ತ್ರಿಯೂ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಕೂಗಾಡಿದ್ದಕ್ಕೆ ತಪ್ಪಾಯ್ತು ಅನ್ನಲೇ ಇಲ್ಲ, ಅದು ಈಗಲೂ ಚುಚ್ಚುತ್ತದೆ.

ಮೊನ್ನೆ ಜೆಸಿಬಿಯವನ ಹತ್ತಿರ ಹೋಗಿ, ಒಂದಾದರೂ ಇಡೀ ಹೆಂಚು ಸಿಗುತ್ತದಾ ಎಂದು ಕೇಳಿದೆ. ಅವನು ಚೂರಿನ ರಾಶಿ ತೋರಿಸಿ, ಬೇಕಾದಷ್ಟು ತಗೊಳ್ಳಿ ಎಂದ.