ಸಪ್ಪಳ ಹಿಡಿಯುವ ಸಾಹೇಬರು

ಮನುಷ್ಯರು ಒಬ್ಬರ ಮೇಲೊಬ್ಬರು ಇಟ್ಟ ವಿಶ್ವಾಸದ ಮೇಲೆಯೇ ಈ ಲೋಕ ನಿಂತಿದೆ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರು ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಬಾಜು ಮನೆಗೆ ಬಂದು ಅರ್ಧ ಕಪ್ ಚಹಾ ಕುಡಿದಿದ್ದರೆ, ಉಳಿದರ್ಧ ಮುಗಿಯುವುದರೊಳಗೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಆ ಮನೆಯ ಯಜಮಾನರ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಎಡಗಿವಿ ಮುಂದೆ, ಕಣ್ಣು ಅರ್ಧ ಮುಚ್ಚಿ, ಕಿವಿಯ ಅಂಚಿನ ಬಿಳಿಕೂದಲು ಸಹಿತ ಏನನ್ನೋ ಆಲಿಸುತ್ತ ಸೆಟೆದು ನಿಂತಿರುತ್ತಿತ್ತು. ಹುಟ್ಟುವಾಗ ಹಾಗಿರಲಿಲ್ಲವಂತೆ. ಗಾಡಿ ಓಡಿಸುತ್ತ ಓಡಿಸುತ್ತ ಎಂಜಿನಿನೊಳಗೆ ಏನು ಕೆಟ್ಟಿದೆ ಎಂದು ಕಿವಿಗೊಟ್ಟು ಹಾಗಾದದ್ದು.

ಅಳತೆ-ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಓಣಿಗೆಲ್ಲ ಅವರು ಸಾಹೇಬರು. ನೌಕರಿಯುದ್ದಕ್ಕೂ ತಕ್ಕಡಿಯ ಪರಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸಿದವರನ್ನೇ ಹಿಡಿದು ಹಿಡಿದು, ಜಗತ್ತಿನ ಯಾವುದೇ ವಸ್ತುವಿನ ತಳವನ್ನು ತಿರುವಿ ನೋಡಿದರೂ ಅಲ್ಲೊಂದು ಹುಣಸೆಹಣ್ಣು ಇರಲೇಬೇಕು ಎಂಬ ಸಿದ್ಧಾಂತಕ್ಕೆ ಬಂದಿದ್ದರು. ಬೆಳಿಗ್ಗೆ ಯಾರಾದರೂ ನಮಸ್ಕಾರ ಎಂದರೆ "ಯಾಕ?" ಎಂದು ಕೇಳುತ್ತಿದ್ದರು.

ಅವರ ಗಾಡಿ ಒಂದು ವಿಲಾಯತಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಿಗೆ, ಉದ್ದನ್ನ ಮೂತಿ, ನೇರಳೆಹಣ್ಣಿನ ಬಣ್ಣ. ಕ್ಯಾಂಪಿನಲ್ಲಿದ್ದ ಒಬ್ಬ ಮಿಲಿಟರಿ ಅಧಿಕಾರಿ ವರ್ಗವಾಗಿ ಹೋಗುವಾಗ ಮಾರಿದ್ದು. ಮಾರುವಾಗ ಗಾಡಿಯ ದೋಷಗಳನ್ನೆಲ್ಲ ಆತ ತಾನಾಗಿಯೇ ಹೇಳಿದನಂತೆ. ದೋಷ ಹೇಳಿ ಮಾರುವವನನ್ನು ಸಾಹೇಬರು ಕಂಡದ್ದು ಅದೇ ಮೊದಲು, ಖುಷಿಯಾಗಿ ಕೊಂಡರು. ಮನೆಗೆ ತಂದ ಮರುದಿನ, ಆತ ಹೇಳದೆ ಬಿಟ್ಟ ದೋಷ ಯಾವುದಿರಬೇಕು ಎಂಬ ಯೋಚನೆ ಹತ್ತಿತು. ಆ ಯೋಚನೆಯಲ್ಲೇ ಅವರಿಗೆ ತಲೆ ನರೆಯಿತು.

ಗಾಡಿಯ ಬ್ಯಾಟರಿಗೂ ಒಂದು ತಗಡಿನ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದರು. ಬೀಗದ ಕೈ ಅವರ ಉಡದಾರದಲ್ಲಿ. ಪೆಟ್ಟಿಗೆಯ ಹೊರಗೆ ಕಾಣುತ್ತಿದ್ದದ್ದು ಎರಡು ಹಿತ್ತಾಳೆಯ ಬೋಲ್ಟು, ಅವುಗಳಿಂದ ಹೊರಟ ಎರಡು ದಪ್ಪ ತಂತಿ. ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ಕರಿ ಪಟ್ಟಿ. ಅಷ್ಟೇ.

ಈ ಗಾಡಿಯಲ್ಲಿ ಅವರ ಹೆಂಡತಿ ಕೂಡುತ್ತಿರಲಿಲ್ಲ. ಆಕೆಯನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು. ಯಾಕೆ ಕೂಡುವುದಿಲ್ಲ ಎಂಬುದನ್ನು ಅವರೇ ಒಂದು ದಿನ ಕಟ್ಟೆಯ ಮೇಲೆ ಕೂತು, ಗಂಡನಿಗೆ ಕೇಳುವಂತೆ ನನಗೆ ಹೇಳಿದರು.

"ತವರಮನಿಗೆ ಹೊಂಟಿದ್ವಿ ನೋಡ್ರಿ, ಹಲಸಿಗೆ. ದೇಸೂರ ದಾಟೂದರಾಗ ಹತ್ತು ಸಲ ಗಾಡಿ ನಿಂದರಿಸಿದ್ರು. ಏನೋ ಕಿಣಿಕಿಣಿ ಸಪ್ಪಳ ಬರಾಕತ್ತೈತಿ ಅಂತ. ಕುಂದಾದ ಡಬ್ಬಿ ಕೆಳಗ ಇಡು ಅಂದ್ರು, ಇಟ್ಟೆ. ಚಪ್ಪಲಿ ತಗಿ ಅಂದ್ರು, ತಗದೆ. ಕಡೀಕ ಏನಂದ್ರು ಗೊತ್ತೇನ್ರಿ? ಬಳಿ ಬಿಚ್ಚು ಅಂದ್ರು!"

"ಸಪ್ಪಳ ಬಳೀದ ಇತ್ತು," ಎಂದರು ಸಾಹೇಬರು, ಒಳಗಿನಿಂದ.

"ಹಸಿರು ಬಳಿರೀ, ಮಾಸ್ತರ್ರ! ತವರಿಗೆ ಹೊಂಟ ಮುತ್ತೈದಿಗೆ, ಗಂಡನ ಬಾಯಿಲೆ, ಹಾದ್ಯಾಗ, ಬಳಿ ಬಿಚ್ಚು!"

ವೈನಿ ಅಲ್ಲಿಯೇ ಇಳಿದು ಕೈಮಾಡಿ ಬಸ್ಸು ಹತ್ತಿದರು. ಅಂದಿನಿಂದ ತವರಿಗೆ ಹೋಗುವುದು ಬಸ್ಸಿನಲ್ಲೇ. ಹಾಗೆಂದು ಸಾಹೇಬರಿಗೆ ಬಸ್ಸಿನ ಡ್ರೈವರನ ಮೇಲೆ ನಂಬಿಕೆಯೇ? ಆಕೆ ಹೊರಟ ದಿನವೆಲ್ಲ ಇವರು ಗಾಡಿ ತೆಗೆದು, ಬೆಳಗಾವಿಯಿಂದ ಖಾನಾಪುರದವರೆಗೆ ಕೆಂಪು ಬಸ್ಸಿನ ಹಿಂದೆಯೇ ಹೋಗುತ್ತಿದ್ದರು. ಅಷ್ಟು ಉದ್ದ ಮೂತಿಯ ರೇಸಿನ ಗಾಡಿ, ಸರಕಾರಿ ಬಸ್ಸಿನ ಹೊಗೆ ಕುಡಿಯುತ್ತ, ಆಕಳ ಹಿಂದಿನ ಕರುವಿನಂತೆ ಸಾಗುವ ದೃಶ್ಯವನ್ನು ಆ ಹಾದಿಯ ಜನ ಸಾಕಷ್ಟು ವರ್ಷ ನೋಡಿದ್ದಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ವೈನಿ ಒಂದು ದಿನವೂ ತಿರುಗಿ ನೋಡಲಿಲ್ಲ.

ಇಂಥ ಸಾಹೇಬರು ಒಂದು ದಿನ ಆಂಪ್ಲಿಫೈಯರ್ ತಂದರು. ಶಾಲೆಯ ಹುಡುಗರ ದಪ್ಪ ಪಾಟಿಯಷ್ಟಿದ್ದ ಕರಿ ಡಬ್ಬಿ, ಜೊತೆಗೆ ಎರಡು ಸ್ಪೀಕರು. ಗಾಡಿಯಲ್ಲಿ ಹಾಡಿನ ಪ್ಲೇಯರ್ ಮೊದಲೇ ಇತ್ತು. ಆದರೆ ಎಂಜಿನಿನ ಅಬ್ಬರದೆದುರು ಅದರ ದನಿ ಕೊಡದೊಳಗಿನ ಸೊಳ್ಳೆಯಷ್ಟು. ಸಪ್ಪಳವೆಂದರೆ ಸಿಡಿಮಿಡಿಗೊಳ್ಳುವ ಮನುಷ್ಯ ದನಿ ಹೆಚ್ಚಿಸುವ ಯಂತ್ರ ತಂದದ್ದು ಓಣಿಗೆ ಸರಿಬರಲಿಲ್ಲ. ಚುನಾವಣೆಗೆ ನಿಲ್ಲುತ್ತಾರೆ ಎಂದರು ಕೆಲವರು. ಗಾಡಿ ಮಾರುವವರಿದ್ದಾರೆ, ಎಂಜಿನಿನ ದೋಷ ಗಿರಾಕಿಗೆ ಕೇಳದಿರಲೆಂದು ಈ ಉಪಾಯ ಎಂದರು ಇನ್ನು ಕೆಲವರು. ಎರಡನೆಯದು ನನಗೂ ನಿಜವೆನಿಸಿತ್ತು. ಅವರ ಸಹವಾಸದಲ್ಲಿ ನನಗೂ ಆ ರೋಗ ಹತ್ತಿತ್ತು.

ಕಾರಣ ಅವರೇ ಹೇಳಿದರು, ಗೇಟಿನ ಹತ್ತಿರ, ಆಚೆ ಈಚೆ ನೋಡಿ.

"ಮಾಸ್ತರ್ರ, ಸಪ್ಪಳ ಕೇಳಿದ್ರ ನನಗ ಸುಮ್ಮ ಕುಂದರಾಕ ಆಗೂದಿಲ್ಲ. ಇನ್ನ ಈ ವಯಸ್ಸಿಗೆ ಸ್ವಭಾವ ಬದಲಾಗೂದಿಲ್ಲ. ಕೇಳದಂಗ ಮಾಡಿಬಿಟ್ರ? ದೊಡ್ಡ ದನೀಲೆ ಹಾಡು ಹಚ್ಚಿದ್ರ ಎಂಜಿನ್ನೂ ಕೇಳೂದಿಲ್ಲ, ಬಳೀನೂ ಕೇಳೂದಿಲ್ಲ." ಮತ್ತೊಮ್ಮೆ ಮನೆಯ ಕಡೆ ನೋಡಿ, "ಆಕಿ ಒಮ್ಮಿ ಬಾಜೂಕ ಕುಂತ್ರ ಸಾಕ್ರಿ. ಮೊಣಕಾಲು ಹಿಡ್ಯಾಕತ್ತಾವ ಆಕೀವು. ಬಸ್ಸಿನ ಪಾವಟಗಿ ಹತ್ತೂದು ಹಿಂದಿಂದ ನೋಡ್ತೇನಲ್ಲ."

ಎಂಜಿನಿನ ಮೇಲಿನ ಪಹರೆಯನ್ನು ತಾನಾಗಿ ಬಿಟ್ಟುಕೊಡಲು ಹೊರಟ ಈ ಮನುಷ್ಯನಿಗೆ ನಾನು ಹೂಂಗುಟ್ಟಿದೆ.

ಡಬ್ಬಿ ಜೋಡಿಸಲು ಬೆಳಗಾವಿಯ ಯಾವ ಫಿಟ್ಟರನೂ ಆಗಲಿಲ್ಲ. ಪ್ರತಿಯೊಬ್ಬನಿಗೂ ಯಾರೋ ಒಬ್ಬ ಅಂಗಡಿಕಾರ ಸಂಬಂಧಿ ಇದ್ದ. ಆ ಸಂಬಂಧಿಯ ತಕ್ಕಡಿಯನ್ನು ಸಾಹೇಬರು ಎಂದೋ ಜಪ್ತಿ ಮಾಡಿದ್ದರು. ಅದರ ಸೇಡನ್ನು ತಂತಿಯಲ್ಲಿ ತೀರಿಸಿಕೊಳ್ಳುತ್ತಾನೆ ಎಂಬುದು ಅವರ ಲೆಕ್ಕ. ಕಡೆಗೆ ಖಾನಾಪುರದ ಬಸ್‌ಸ್ಟ್ಯಾಂಡಿನ ಬಾಜುವಿನ ಒಬ್ಬ ಫಿಟ್ಟರ್ ಗೊತ್ತಾದ. ವೈನಿ ತವರಿಗೆ ಹೊರಟ ದಿನವನ್ನೇ ಹಿಡಿದರು. ಆಕೆ ಹಲಸಿಯ ಬಸ್ಸಿಗೆಂದು ಖಾನಾಪುರದಲ್ಲಿ ಇಳಿದು ಬಹಳ ಹೊತ್ತು ಕಾಯಬೇಕು. ಅಷ್ಟರಲ್ಲಿ ಕೆಲಸ ಮುಗಿದರೆ ಮುಂದಿನ ದಾರಿ ಗಾಡಿಯಲ್ಲಿ. ನನ್ನನ್ನು ಸಾಕ್ಷಿಯಾಗಿ ಕರೆದುಕೊಂಡರು. ಬಸ್ಸಿನ ಹಿಂದೆಯೇ ಹೋದೆವು.

"ನಾ ಅಂವನ ಬಲಗೈ ನೋಡ್ತೇನಿ," ಎಂದು ದಾರಿಯಲ್ಲಿ ಆಜ್ಞೆಯಾಯಿತು. "ನೀವು ಎಡಗೈ ನೋಡ್ರಿ."

ಫಿಟ್ಟರ್ ದಪ್ಪ ಮೀಸೆಯ ಗೃಹಸ್ಥ. ಗಿರಾಕಿಗಳ ಹತ್ತಿರ ಕನ್ನಡ, ತಂತಿಗಳ ಹತ್ತಿರ ಮರಾಠಿ. ಸೀಟಿನ ಹಿಂದೆ ಡಬ್ಬಿ ಕೂರಿಸಿದ, ಬಾಗಿಲಿಗೆ ಸ್ಪೀಕರು ಬಿಗಿದ. ಅರ್ಥಿಂಗಿನ ತಂತಿಯನ್ನು ಬರಿ ತಗಡಿಗೆ ಕೊಡಲೆಂದು ಗಾಡಿಯ ಮೈಯನ್ನು ಒಂದಿಷ್ಟು ಕೆರೆಯಲು ಚಾಕು ತೆಗೆದ.

"ಏ, ಬಣ್ಣ ಕೆರೀಬ್ಯಾಡ!"

"ಮತ್ತ ಅರ್ಥಿಂಗ್ ಎಲ್ಲಿ ಕೊಡೂದ್ರಿ ಸಾಹೇಬ್ರ, ಆಕಾಶಕ್ಕ?"

"ಬ್ಯಾಟರೀಗೆ ಕೊಡು. ಎರಡೂ ಅಲ್ಲೇ ಕೊಡು."

"ಹಂಗಾರ ಪೆಟ್ಟಿಗಿ ತಗೀರಿ."

"ಪೆಟ್ಟಿಗ್ಯಾಗ ಏನೂ ಇಲ್ಲ. ಬರೇ ಬ್ಯಾಟರಿ ಐತಿ. ಹೊರಗ ಬೋಲ್ಟ್ ಅದಾವಲ್ಲ."

ಫಿಟ್ಟರ್ ಸಣ್ಣ ಬಲ್ಬು ಕಟ್ಟಿದ ಟೆಸ್ಟರ್ ತೆಗೆದು ಬೋಲ್ಟಿಗೆ ಮುಟ್ಟಿಸಲು ಹೋದ. ಸಾಹೇಬರು ಅವನ ಮಣಿಕಟ್ಟು ಹಿಡಿದರು.

"ನನ್ನ ಬ್ಯಾಟರಿ ಕರೆಂಟು ನಿನ್ನ ದೀಪಕ್ಕ ಯಾಕ? ಕೆಂಪ ಅಂದ್ರ ಕೆಂಪು, ಕರೀದು ಅಂದ್ರ ಕರೀದು. ಕಣ್ಣಿಲ್ಲೇನು?"

ಫಿಟ್ಟರ್ ಮರಾಠಿಯಲ್ಲಿ ತಂತಿಗೆ ಏನೋ ಹೇಳಿ, ಡಬ್ಬಿಯ ಕೆಂಪು ತಂತಿಯನ್ನು ಕೆಂಪಿಗೂ ಕರಿಯದನ್ನು ಕರಿಯದಕ್ಕೂ ಬಿಗಿದ. ಚಟ್ ಎಂದಿತು. ಒಂದು ಎಳೆ ಹೊಗೆ, ಸುಟ್ಟ ವಾಸನೆ.

"ನೋಡಿದ್ರಿ? ನೋಡಿದ್ರಿ ಮಾಸ್ತರ್ರ?" ಸಾಹೇಬರ ಮುಖದಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಹುಣಸೆಹಣ್ಣು ಸಿಕ್ಕಿತ್ತು. "ಎಡಗೈಲೆ ಏನ್ ಮಾಡಿದ ಅಂವ?"

ಎಡಗೈಯಿಂದ ಮೀಸೆ ತುರಿಸಿಕೊಂಡಿದ್ದ. ಹಾಗೆಂದೆ. ಫಿಟ್ಟರ್ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ. "ನಿಮ್ಮ ಗಾಡಿ ತಗೊಂಡ ಹೋಗ್ರಿ. ಇಷ್ಟ ಸಂಶಯ ಇಟ್ಕೊಂಡು ಹಾಡು ಕೇಳಾಕ ಬಂದಾರ."

ಆಗ ಹಿಂದಿನಿಂದ ಬಳೆಯ ಸಪ್ಪಳ ಬಂತು. ಬಸ್‌ಸ್ಟ್ಯಾಂಡಿನಿಂದ ಗಾಡಿ ಕಂಡು, ಹೊಗೆಯೂ ಕಂಡು, ವೈನಿ ಚೀಲ ಹಿಡಿದುಕೊಂಡು ಬಂದಿದ್ದರು. ಸ್ಪೀಕರು ನೋಡಿದರು, ಡಬ್ಬಿ ನೋಡಿದರು, ತಂತಿ ನೋಡಿದರು.

"ಆ ಪಟ್ಟಿ ಸುತ್ತಿದವರು ನೀವ ಅಲ್ರೀ?"

"ಯಾವ ಪಟ್ಟಿ?"

"ಕೆಂಪು-ಕರಿ ಅದಲಿ-ಬದಲಿ. ಎದುರು ಮನಿ ಸ್ಕೂಟರ್ ಕಳುವಾದಾಗ ಸುತ್ತಿದ್ರಿ. ಕಳ್ಳ ಬಂದು ಬ್ಯಾಟರಿಗೆ ಕೈ ಹಚ್ಚಿದ್ರ ಉಲ್ಟಾ ಜೋಡಿಸಿ ಸುಟ್ಟಕೋಬೇಕು ಮಗಾ ಅಂತ ಹೇಳಿ, ಆ ಖುಷಿಗೆ ಎರಡು ಹೋಳಿಗಿ ಜಾಸ್ತಿ ತಿಂದಿದ್ರಿ."

ಸಾಹೇಬರು ಪಟ್ಟಿಯನ್ನು ನೋಡುತ್ತ ನಿಂತರು. ಮರೆತದ್ದು ನೆನಪಾಗುವುದು ಮುಖದ ಮೇಲೆ ನಿಧಾನವಾಗಿ ಕಾಣಿಸಿತು. ಜಗತ್ತಿನ ಕಳ್ಳರಿಗೆಲ್ಲ ಅವರು ಒಡ್ಡಿದ್ದ ಬಲೆ ಅಷ್ಟು ವರ್ಷ ಖಾಲಿಯೇ ಬಿದ್ದುಕೊಂಡು, ಕಡೆಗೆ ತನ್ನ ಕೆಲಸ ಮಾಡಿತ್ತು.

"ಅಂದ್ರ ಕಳ್ಳ ನಾನ ಏನ್ರಿ?" ಎಂದ ಫಿಟ್ಟರ್.

ಸಾಹೇಬರು ನಡುಬಜಾರಿನಲ್ಲಿ ಅಂಗಿ ಎತ್ತಿ, ಉಡದಾರದ ಗಂಟು ಬಿಚ್ಚಿ, ಬೀಗದ ಕೈಯನ್ನು ಫಿಟ್ಟರನ ಅಂಗೈಯಲ್ಲಿಟ್ಟರು. ಆಮೇಲೆ ಗಾಡಿಗೆ ಬೆನ್ನು ಮಾಡಿ ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತ ನಿಂತರು.

"ಮಾಸ್ತರ್ರ, ಅಂವನ ಕೈ ನೋಡೂದು ಸಾಕ್ರಿ."

ಸುಟ್ಟದ್ದು ಬರೀ ಫ್ಯೂಜು. ಪೆಟ್ಟಿಗೆ ತೆರೆದು, ಬ್ಯಾಟರಿಯ ಗುರುತು ನೋಡಿ ತಂತಿ ಬದಲಿಸಿ, ಹೊಸ ಫ್ಯೂಜು ಹಾಕಿದ್ದೇ ಪ್ಲೇಯರಿನಲ್ಲಿ ವೈನಿಯ ತಮ್ಮನ ಭಜನಾ ಮೇಳ ಖಾನಾಪುರದ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಹಾಡತೊಡಗಿತು. ಪೇರಲದ ಬುಟ್ಟಿಯವಳು ಎದ್ದು ನಿಂತು ನೋಡಿದಳು. ವೈನಿ ಮಾತ್ರ ಬಾಗಿಲ ಹತ್ತಿರ ನಿಂತೇ ಇದ್ದರು.

"ಬಳಿ ಹಾಕ್ಕೊಂಡ ಕುಂದರ್ತೇನಿ," ಎಂದರು ಜೋರಾಗಿ.

"ಎರಡೂ ಕೈ ತುಂಬ ಹಾಕ್ಕೊಂಡ ಕುಂದರು," ಎಂದು ಸಾಹೇಬರೂ ಕೂಗಿದರು. "ನನಗೇನೂ ಕೇಳೂದಿಲ್ಲ!"

ವೈನಿ ಕೂತರು. ಇರುವುದೇ ಎರಡು ಸೀಟಾದ್ದರಿಂದ ಸಾಕ್ಷಿಯನ್ನು ಅಲ್ಲಿಯೇ ಬಿಟ್ಟು ಗಾಡಿ ಹಲಸಿಯ ಹಾದಿ ಹಿಡಿಯಿತು. ಸಾಹೇಬರ ಕುತ್ತಿಗೆ ಎಂದಿನಂತೆ ಎಡಕ್ಕೇ ವಾಲಿತ್ತು. ಆದರೆ ಈಗ ಎಡಗಡೆ ವೈನಿ ಇದ್ದರು. ನಾನು ಬಸ್ಸಿನಲ್ಲಿ ಬೆಳಗಾವಿಗೆ ಬಂದೆ. ಹಿಂದಿನ ಸೀಟಿನಲ್ಲಿ ಕೂತು ಎರಡು ಸಲ ತಿರುಗಿ ನೋಡಿದೆ. ಯಾರೂ ಬೆನ್ನು ಹತ್ತಿರಲಿಲ್ಲ.

ಆಮೇಲೆ ಬಸ್ಸಿನ ಮಾತೇ ಬರಲಿಲ್ಲ. ಕೆಲವು ವರ್ಷ ಇಬ್ಬರೂ ಗಾಡಿಯಲ್ಲೇ ಹೋಗಿಬಂದರು. ಅವರು ಓಣಿ ತಿರುಗುವ ಮೊದಲೇ ಭಜನೆ ಬರುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ. ನಮಸ್ಕಾರಕ್ಕೆ "ಯಾಕ?" ಎನ್ನುವುದು ಮಾತ್ರ ನಿಲ್ಲಲಿಲ್ಲ.

ಕಡೆಯ ಸಲ ಆಸ್ಪತ್ರೆಯಲ್ಲಿ ಕಂಡಾಗ ವೈನಿ ಔಷಧ ತರಲು ಕೆಳಗೆ ಹೋಗಿದ್ದರು. ಸಾಹೇಬರು ನನ್ನನ್ನು ಹತ್ತಿರ ಕರೆದರು.

"ಮಾಸ್ತರ್ರ, ಆ ಹಾಡಿನ ಹಿಂದ ಒಂದು ಕುಂಯ್ ಅನ್ನೂ ಸಪ್ಪಳ ಐತ್ರಿ. ಎಂಜಿನ್ ಜೋರ್ ಮಾಡಿದಂಗ ಅದೂ ಏರ್ತೈತಿ. ಮೊದಲನೇ ದಿನದಿಂದಾನೂ ಐತಿ."

"ಮತ್ತ ಒಂದ ದಿನಾನೂ ಗಾಡಿ ನಿಂದರಿಸಲಿಲ್ಲಲ್ರೀ?"

"ಆಕಿ ಕುಂತಿರ್ತಾಳಲ್ರಿ." ಮೆಟ್ಟಿಲ ಮೇಲೆ ಬಳೆಯ ಸಪ್ಪಳವಾಯಿತು. ಅವರು ದನಿ ತಗ್ಗಿಸಿದರು. "ಹೇಳಬ್ಯಾಡ್ರಿ."

ಆ ವಾರವೇ ಹೋದರು. ವೈನಿಗೆ ನಾನು ಹೇಳಲಿಲ್ಲ. ಖಾನಾಪುರದ ಫಿಟ್ಟರ್ ಮಣ್ಣಿಗೆಂದು ಬಂದವನು ಹೊರಡುವ ಮೊದಲು ನನ್ನ ಮಾತಿಗೆ ಗಾಡಿ ಶುರುಮಾಡಿ, ಸೀಟಿನ ಹಿಂದೆ ಕೈಹಾಕಿ ನೋಡಿದ. ಹಾಡಿನ ಹಿಂದೆ ಕುಂಯ್ ಎನ್ನುತ್ತಿದ್ದದ್ದು ನಿಜ, ಡಬ್ಬಿಯ ಅರ್ಥಿಂಗಿನ ನಟ್ಟು ಸಡಿಲವಾಗಿತ್ತು.