ಹದಿನೈದರವರೆಗಿನ ಎಣಿಕೆ

ಕೋವಿಡ್ ಕಳೆದ ಎರಡನೆಯ ವರ್ಷ. ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧ ಕಂಪನಿಯಲ್ಲಿ ನಾನು ಹಿರಿಯ ಡಿಸೈನ್ ಎಂಜಿನಿಯರ್ ಆಗಿದ್ದೆ. ರೋಗಿಗಳು ಮನೆಯಲ್ಲಿ ತಾವೇ ಚುಚ್ಚಿಕೊಳ್ಳುವ ಆಟೋಇಂಜೆಕ್ಟರ್ ರೂಪಿಸುವುದು ನನ್ನ ಕೆಲಸ. ಮೈಸೂರು ಬಿಟ್ಟು ಬಂದು ಹದಿನೇಳು ವರ್ಷವಾಗಿತ್ತು. ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ತೆಲುಗು, ಆಟೋದವರ ಜೊತೆ ಹಿಂದಿ. ಕನ್ನಡ ಉಳಿದಿದ್ದದ್ದು ಅಮ್ಮನ ಫೋನಿನಲ್ಲಿ ಮಾತ್ರ. ಆ ವರ್ಷದ ಆರಂಭದಲ್ಲಿ ಅಮ್ಮ ತೀರಿಕೊಂಡ ಮೇಲೆ ಅದೂ ನಿಂತಿತು.

ಆಗ ನಮ್ಮ ಕೈಯಲ್ಲಿದ್ದದ್ದು ಸಂಧಿವಾತದ ಒಂದು ಔಷಧ. ಆಸ್ಪತ್ರೆಯಲ್ಲಿ ಮಲಗಿ ಡ್ರಿಪ್ ಮೂಲಕ ತೆಗೆದುಕೊಳ್ಳಬೇಕಾದಷ್ಟನ್ನು ಎರಡು ಮಿಲಿಲೀಟರಿಗೆ ಇಳಿಸಿದರೆ ಅದು ಹರಳೆಣ್ಣೆಯ ಹಾಗೆ ಮಂದವಾಗುತ್ತದೆ. ಅಂಥ ದ್ರವವನ್ನು ಸಪೂರ ಸೂಜಿಯಲ್ಲಿ ನೂಕಲು ಊದಿಕೊಂಡ ಬೆರಳುಗಳಿಗೆ ಸಾಧ್ಯವಿಲ್ಲ. ಅದಕ್ಕೇ ಒಳಗೊಂದು ಸ್ಪ್ರಿಂಗ್. ಸ್ಪ್ರಿಂಗ್ ಬಲವಾದರೆ ಗಾಜಿನ ಸಿರಿಂಜ್ ಒಡೆಯುತ್ತದೆ. ಸೂಜಿ ದಪ್ಪವಾದರೆ ನೋಯುತ್ತದೆ. ಇವೆರಡರ ನಡುವೆ ಎರಡು ವರ್ಷ ಹೆಣಗಿ ನಾವೊಂದು ಹದಕ್ಕೆ ಬಂದಿದ್ದೆವು. ತೊಡೆಗೆ ಒತ್ತಿದಾಗ ಒಂದು ಕ್ಲಿಕ್, ಔಷಧ ಮುಗಿದಾಗ ಇನ್ನೊಂದು. ನಡುವೆ ಹನ್ನೆರಡು ಸೆಕೆಂಡು. ಎರಡನೆಯ ಕ್ಲಿಕ್ ಕೆಲವರಿಗೆ ಕೇಳಿಸಲಿಕ್ಕಿಲ್ಲವೆಂದು, 'ಒತ್ತಿ ಹಿಡಿದು ನಿಧಾನವಾಗಿ ಹದಿನೈದರವರೆಗೆ ಎಣಿಸಿ' ಎಂದು ಸೂಚನೆಯ ಕಾಗದದಲ್ಲಿ ಬರೆದವಳು ನಾನೇ.

ಆಸ್ಪತ್ರೆಯೊಂದರಲ್ಲಿ ಅದರ ಪ್ರಯೋಗ ನಡೆಯುತ್ತಿತ್ತು. ರೋಗಿಗಳು ಹದಿನೈದು ದಿನಕ್ಕೊಮ್ಮೆ ಮನೆಯಲ್ಲಿ ಚುಚ್ಚಿಕೊಂಡು, ಬಳಸಿದ ಡಿವೈಸನ್ನು ಹಿಂದಿರುಗಿಸುತ್ತಿದ್ದರು. ಒಬ್ಬರಿಂದ ಬಂದ ಮೂರು ಡಿವೈಸುಗಳೂ ಔಷಧ ಪೂರ್ತಿ ಇಳಿಯದೆ, ನಡುವೆ ಎತ್ತಿದಂತೆ ಸೋರಿದ್ದವು. ಬಿಚ್ಚಿ ನೋಡಿದೆ. ಸ್ಪ್ರಿಂಗ್ ಸರಿ, ಸೂಜಿ ಸರಿ. ವರದಿಯಲ್ಲಿ 'ಬಳಕೆದಾರರ ತಪ್ಪು' ಎಂದು ಬರೆದು ಸಹಿ ಹಾಕಿದೆ.

ಮರುದಿನ ಆಸ್ಪತ್ರೆಯಿಂದ ನರ್ಸ್ ಸುಜಾತಾ ಫೋನ್ ಮಾಡಿ ತೆಲುಗಿನಲ್ಲಿ ಹೇಳಿದರು. "ಮೇಡಮ್, ಆ ಮೂರು ಡಿವೈಸ್ ಕಳಿಸಿದಾಕೆ ಕನ್ನಡದವರು, ಎಲ್ಲಾ ಸರಿಯಾಗೇ ಮಾಡ್ತೀನಿ ಅಂತಾರೆ. ನನಗೆ ಕನ್ನಡ ಬರಲ್ಲ, ಅವರ ತೆಲುಗು ಅಷ್ಟಕ್ಕಷ್ಟೆ. ನೀವೊಮ್ಮೆ ಬರ್ತೀರಾ?" ಆಸ್ಪತ್ರೆಯ ಅನುಮತಿ ಸಿಕ್ಕಿತು, ಒಂದು ಷರತ್ತಿನ ಮೇಲೆ: ನೋಡಬೇಕು, ಬರೆದುಕೊಳ್ಳಬೇಕು, ಚುಚ್ಚಿಕೊಳ್ಳುವಾಗ ಮಾತಾಡಬಾರದು.

ಆ ರೋಗಿ ಗುರುಬಾಯಿ, ಕುಷಾಯಿಗೂಡ ಬಡಾವಣೆಯ ಒಂದು ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದರು. ಬೀದರ್ ಕಡೆಯವರು, ಐವತ್ತೈದರ ಆಸುಪಾಸು, ಗಂಡ ಇಲ್ಲ, ಮಕ್ಕಳಾಗಲಿಲ್ಲ. ಕೋಠಿಯ ಸೀರೆ ಅಂಗಡಿಗಳಿಂದ ಸೀರೆ ತಂದು ಫಾಲ್ ಹಚ್ಚಿ ಕೊಡುವುದು ಅವರ ಜೀವನ. ಬಲಗೈಯ ಗೆಣ್ಣುಗಳು ಊದಿ, ಸೂಜಿ ಹಿಡಿಯುವ ಬೆರಳುಗಳೇ ಸೊಟ್ಟಗಾಗತೊಡಗಿದ್ದವು.

"ಕನ್ನಡದವರೇನ್ರಿ ಮೇಡಮ್ರ? ಭಾಳ ಚಲೋ ಆತು, ಕೂಡ್ರಿ" ಎಂದರು. ಅಷ್ಟು ತಿಂಗಳ ಮೇಲೆ ಎದುರಿಗೆ ಕೇಳಿದ ಕನ್ನಡ ಅದು. ಹೌದು, ಮೈಸೂರಿನವಳು ಎಂದು ಕೂತೆ.

ಅವರ ಕೋಣೆಯಲ್ಲಿ ಫ್ರಿಜ್ ಇರಲಿಲ್ಲ. ಔಷಧ ಇರುತ್ತಿದ್ದದ್ದು ಮೇಲಿನ ಮಾಲೀಕರ ಮನೆಯಲ್ಲಿ. ನನ್ನನ್ನೂ ಜೊತೆಗೆ ಬಂದಿದ್ದ ಸುಜಾತಾರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಮಾಲೀಕರ ಹೆಂಡತಿ ಒಲೆಯ ಮುಂದೆ ಅಡುಗೆ ಮಾಡುತ್ತಿದ್ದರು, ತಿರುಗಿ ನೋಡಿ ತಲೆಯಾಡಿಸಿದರು. ಗುರುಬಾಯಿ ಫ್ರಿಜ್ಜಿನಿಂದ ಡಿವೈಸ್ ತೆಗೆದು, ಅಡುಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಮುಚ್ಚಳ ಎಳೆದು ತೊಡೆಗೆ ಒತ್ತಿದರು.

ಕಾಗದದಲ್ಲಿ ಅರ್ಧ ಗಂಟೆ ಹೊರಗಿಟ್ಟು ಬಳಸಿ ಎಂದಿತ್ತು. ತಣ್ಣಗಿದ್ದಾಗ ಆ ಔಷಧ ಇನ್ನೂ ಮಂದ.

ಅವರು ಗಟ್ಟಿಯಾಗಿ ಎಣಿಸತೊಡಗಿದರು. ಹತ್ತಕ್ಕೆ ಬಂದಾಗ ಡಿವೈಸಿನ ಕಿಟಕಿಯಲ್ಲಿ ಔಷಧವನ್ನು ನೂಕುವ ಹಳದಿ ಕಡ್ಡಿ ಅರ್ಧ ದಾರಿಯನ್ನೂ ದಾಟಿರಲಿಲ್ಲ. ಹದಿಮೂರು. ನನಗೆ ಗೊತ್ತಾಗಿತ್ತು. 'ಇನ್ನೂ ಹಿಡೀರಿ' ಎನ್ನಲು ಎರಡು ಸೆಕೆಂಡು ಇತ್ತು. ನಾನು ಪುಸ್ತಕದ ಮೇಲೆ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದೆ. ಹದಿನೈದು ಎಂದು ಅವರು ಎತ್ತಿದರು. ಮಿಕ್ಕ ಔಷಧ ತೊಡೆಯ ಮೇಲೆ ಹರಿಯಿತು.

ಅವರು ಸೆರಗಿನಿಂದ ಒರೆಸಿಕೊಂಡರು. "ಪ್ರತಿ ಸರ್ತಿ ಹಿಂಗ ಆಗತೈತ್ರಿ. ಬರೋಬ್ಬರಿ ಎಣಿಸ್ತೀನಿ. ಎಲ್ಲಿ ತಪ್ಪತೈತೋ ತಿಳೀವಲ್ತು."

"ತಪ್ಪು ನಿಮ್ಮದಲ್ಲ. ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಬಿಡಬೇಕಿತ್ತು. ಯಾರೂ ಹೇಳಲಿಲ್ವಾ?"

"ಹೇಳ್ಯಾರ್ರಿ, ಗೊತ್ತೈತಿ. ಅದಕ್ಕ ಸೋರತೈತಿ ಅಂತ ಗೊತ್ತಿರಲಿಲ್ರಿ." ಒಲೆಯ ಕಡೆ ನೋಡಿ ದನಿ ತಗ್ಗಿಸಿದರು. "ಕೆಳಗ ಒಬ್ಬಾಕೀನ ಚುಚ್ಚಿಕೊಳ್ಳಾಕ ಅಂಜಿಕಿ ಬರತೈತಿ. ಏನರ ಆದ್ರ ಯಾರಿಗೆ ತಿಳೀಬೇಕು? ಇಲ್ಲಿ ಇವರರ ಇರ್ತಾರ. ಆದ್ರ ಮಂದಿ ಅಡುಗಿಮನ್ಯಾಗ ಅರ್ಧಾ ತಾಸು ಹೆಂಗ ಕೂಡ್ಲಿ? ತಗೊಂಡು ಲಗೂನ ಇಳೀತೀನಿ."

ನಷ್ಟವಾದ ಡೋಸಿನ ವಿಷಯವನ್ನು ಸುಜಾತಾ ಅಲ್ಲಿಂದಲೇ ಡಾಕ್ಟರಿಗೆ ತಿಳಿಸಿದರು.

ಲ್ಯಾಬಿಗೆ ಬಂದು ಹತ್ತು ಡಿವೈಸುಗಳನ್ನು ಫ್ರಿಜ್ಜಿನಲ್ಲಿಟ್ಟು, ತೆಗೆದ ಕೂಡಲೇ ಸ್ಟಾಪ್‌ವಾಚ್ ಹಿಡಿದು ಪರೀಕ್ಷಿಸಿದೆ. ಒಂದೂ ಇಪ್ಪತ್ತಾರು ಸೆಕೆಂಡಿಗಿಂತ ಮೊದಲು ಮುಗಿಯಲಿಲ್ಲ. ಹೊಸ ಸಂಗತಿಯೇನಲ್ಲ. ಹಿಂದಿನ ವರ್ಷದ ನನ್ನ ನೋಟ್‌ಬುಕ್ಕಿನಲ್ಲೇ ಆ ಅಂಕಿ ಇತ್ತು. ಹೇಗೂ ಅರ್ಧ ಗಂಟೆ ಕಾಯುತ್ತಾರಲ್ಲ ಎಂದು ನಾನೇ ಬದಿಗಿಟ್ಟಿದ್ದೆ.

ಅಂತಿಮ ವಿನ್ಯಾಸಕ್ಕೆ ಒಪ್ಪಿಗೆ ಕೊಡುವ ಸಭೆ ಆ ವಾರವೇ ಇತ್ತು. ನನ್ನ ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದಾಗ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಧ ಗಂಟೆ ಕಾಯಬೇಕು ಅಂತ ಕಾಗದದಲ್ಲಿದೆ. ಆಕೆ ಕಾಯಲಿಲ್ಲ. ಅದಕ್ಕೆ ಡಿವೈಸ್ ಏನು ಮಾಡಬೇಕು?"

"ಹದಿನೈದು ಎಣಿಸಿ ಅಂತಲೂ ಇದೆ ಸರ್. ಅದನ್ನು ನಂಬಿ ಎಣಿಸಿದ್ದಾರೆ."

ಒಪ್ಪಿಗೆಯನ್ನು ತಡೆಹಿಡಿದರು, ಕೆಲಸ ಎಂಟು ತಿಂಗಳು ಹಿಂದೆ ಬಿತ್ತು. ಬಡ್ತಿಯ ನಿರೀಕ್ಷೆಯಲ್ಲಿದ್ದ ಸಹೋದ್ಯೋಗಿಗಳಿಗೆ ಅದು ಸಿಗಲಿಲ್ಲ. ಯಾರೂ ಜಗಳವಾಡಲಿಲ್ಲ. ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಬರುವ ಹೊತ್ತಿಗೆ ಅವರ ಊಟ ಮುಗಿದಿರುತ್ತಿತ್ತು, ಅಷ್ಟೆ. ಸ್ವಲ್ಪ ದಿನ ಬೇಗ ಹೋಗಿ ನೋಡಿದೆ. ಆಮೇಲೆ ಡಬ್ಬಿ ಕಟ್ಟಿಕೊಂಡು ಹೋಗಿ ಲ್ಯಾಬಿನಲ್ಲೇ ತಿನ್ನುವುದನ್ನು ರೂಢಿಸಿಕೊಂಡೆ.

ಸ್ಪ್ರಿಂಗನ್ನು ಮುಟ್ಟುವಂತಿರಲಿಲ್ಲ. ಕಡ್ಡಿಗೆ ಸಣ್ಣ ಹಲ್ಲುಗಳನ್ನು ಕೂರಿಸಿದೆವು. ಔಷಧ ಇಳಿಯುವಷ್ಟು ಹೊತ್ತೂ ಟಿಕ್ ಟಿಕ್ ಸದ್ದು. ಅದು ನಿಂತು ಕಿಟಕಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಮುಗಿಯಿತು ಎಂದರ್ಥ. ಕಾಗದದಿಂದ ಎಣಿಕೆಯನ್ನೇ ತೆಗೆದೆ.

ಔಷಧವಿಲ್ಲದ ಮಾದರಿಯನ್ನು ಆಸ್ಪತ್ರೆಯ ಕೋಣೆಯೊಂದರಲ್ಲಿ ರೋಗಿಗಳ ಕೈಗೆ ಕೊಟ್ಟು ನೋಡಿದೆವು. ಗುರುಬಾಯಿ ಸ್ಪಂಜಿನ ಮೇಲೆ ಒತ್ತಿ, ಸದ್ದು ನಿಲ್ಲುವವರೆಗೂ ತಲೆ ಬಾಗಿಸಿ ಕೇಳಿದರು. "ಇದು ಚಲೋ ಐತ್ರಿ. ಇನ್ನೂ ನಡದೈತಿ ಅಂತ ತಾನ ಹೇಳತೈತಿ." ಆಮೇಲೆ ಕೇಳಿದರು, "ನಿಮ್ಮ ಮನ್ಯಾಗ ಯಾರ್ಯಾರು ಇರ್ತೀರಿ?"

"ನಾನೊಬ್ಬಳೇ."

"ಹಂಗಾದ್ರ ಐತವಾರ ಬಾ ತಂಗಿ. ಫಾಲ್ ಹಚ್ಚಿಕೋತ ಮಾತಾಡೂಣು."

ಪ್ರಯೋಗ ಮುಗಿಯುವವರೆಗೆ ಕಂಪನಿಯವರು ರೋಗಿಯ ಮನೆಗೆ ಸ್ವಂತವಾಗಿ ಹೋಗುವಂತಿರಲಿಲ್ಲ. ಬರುತ್ತೇನೆ ಎಂದೆ.

ಮುಂದಿನ ವರ್ಷ, ಹೊಸ ಡಿವೈಸಿನೊಂದಿಗೆ ಪ್ರಯೋಗ ಮುಗಿದ ಮೇಲಿನ ಮೊದಲ ಭಾನುವಾರವೇ ಹೋದೆ. ಮೆಟ್ಟಿಲ ಕೆಳಗಿನ ಬಾಗಿಲಿಗೆ ಬೀಗ ಬಿದ್ದಿತ್ತು. ಗುರುಬಾಯಿ ಅಕ್ಕನ ಜೊತೆ ಇರಲು ಬೀದರಿಗೆ ಹೋದರೆಂದು ಮಾಲೀಕರ ಹೆಂಡತಿ ತೆಲುಗಿನಲ್ಲಿ ಹೇಳಿದರು. ಕೈ ಹೇಗಿತ್ತು ಎಂದು ಕೇಳಿದೆ. ಊತ ಇಳಿದಿತ್ತಂತೆ, ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲವಂತೆ. "ಆ ಟಿಕ್ ಟಿಕ್‌ದು ಬಂದ ಮೇಲೆ ಔಷಧದ ಡಬ್ಬಿ ತಗೊಂಡು ಕೆಳಗೇ ಹೋಗ್ತಿದ್ದಳು. ಇಲ್ಲಿ ಕೂರೋದನ್ನ ಬಿಟ್ಟಳು."

ನಮ್ಮ ಡಿವೈಸಿಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಇರಲಾರದು. ಆದರೂ ಬಸ್ ಸ್ಟಾಪಿನವರೆಗೆ ನಡೆಯುವಾಗ ನನಗೆ ಸಂತೋಷವಾಗಲಿಲ್ಲ. ಹತ್ತಿರ ಯಾರಾದರೂ ಇರಲೆಂದು ಮೇಲೆ ಬರುತ್ತಿದ್ದವರು ಕೆಳಗೆ ಒಬ್ಬರೇ ಕೂತು ಚುಚ್ಚಿಕೊಂಡಿದ್ದರು.

ಈಗ ನಾನು ಹೊಸ ಎಂಜಿನಿಯರುಗಳಿಗೆ ತರಬೇತಿ ಕೊಡುತ್ತೇನೆ. ಸ್ಪ್ರಿಂಗಿನ ಲೆಕ್ಕಾಚಾರವನ್ನು ಅವರು ಪುಸ್ತಕದಿಂದಲೂ ಕಲಿಯುತ್ತಾರೆ. ನಾನು ಹೇಳುವುದು ಎರಡೇ ಮಾತು. ರೋಗಿ ಸೂಚನೆ ಮೀರಿದರೆ, ಆಕೆ ಎಲ್ಲಿ ಕೂತು ಚುಚ್ಚಿಕೊಂಡಳು, ಹತ್ತಿರ ಯಾರಿದ್ದರು ಎಂದು ಮೊದಲು ಕೇಳಿ. ಮತ್ತೆ, ಕಣ್ಣೆದುರಿಗೆ ಔಷಧ ಪೋಲಾಗುತ್ತಿದ್ದರೆ ನಿಯಮ ಏನೇ ಇರಲಿ, ಬಾಯಿ ಬಿಡಿ. ಆ ಎರಡು ಸೆಕೆಂಡಿನಲ್ಲಿ ನಾನು ಬಾಯಿ ಬಿಡಲಿಲ್ಲ.